ನಮ್ಮವರ ಎದೆಯಲ್ಲಿ ಕಲ್ಲಿನ ಪುಡಿ

ನಮ್ಮವರ ಉಸಿರು ಸೋಲುವುದು ಮೊದಲ ಸಲ ನನ್ನ ಕಣ್ಣಿಗೆ ಬಿದ್ದದ್ದು ಮುಂಬಯಿಯ ಜೋಗೇಶ್ವರಿ ಸ್ಟೇಷನ್ನಿನ ಬ್ರಿಜ್ ಮೆಟ್ಟಿಲ ಮೇಲೆ.

ಅಂದು ಭಾನುವಾರ. ಇವರ ಗೆಳೆಯ ಪರಶುರಾಮನ ಎರಡನೆಯ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಭಾಂಡುಪಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಬಂದು ಈಸ್ಟಿನಲ್ಲಿ ಇಳಿದು, ವೆಸ್ಟಿಗೆ ದಾಟಲು ಬ್ರಿಜ್ ಹತ್ತಿದೆವು. ಮಗಳು ಶ್ರೇಯಾ ಮುಂದೆ ಹೋಗಿಬಿಟ್ಟಿದ್ದಳು. ನಾನು ಮೇಲೆ ತಲುಪಿ ತಿರುಗಿ ನೋಡಿದೆ. ಇವರು ಮೆಟ್ಟಿಲ ನಡುವೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ಜನ ಗೊಣಗುತ್ತ ಎರಡೂ ಬದಿಯಿಂದ ದಾಟಿ ಹೋಗುತ್ತಿದ್ದರು. ಇವರು ಏಳಲೇ ಇಲ್ಲ. ಕಾಲಲ್ಲಿದ್ದದ್ದು ಸುಮ್ಮನೆ ತೂರಿಸಿಕೊಳ್ಳುವ ಚಪ್ಪಲಿ. ಬಗ್ಗಿ ಸರಿಮಾಡಲು ಅದರಲ್ಲಿ ಏನೂ ಇರಲಿಲ್ಲ.

"ಏನಾತ್ರೀ?" ಎಂದು ಮೇಲಿನಿಂದಲೇ ಕೂಗಿದೆ.

"ಏನಿಲ್ಲ. ನಡಿ ನೀ, ಬರ್ತೀನಿ."

ನಾನು ನಡೆದೆ.

ಈಗ ಇದನ್ನು ಬರೆಯುವಾಗ ಕೈ ನಿಲ್ಲುವುದು ಆ ಒಂದು ಮಾತಿನ ಬಳಿ. ಯಾಕೆಂದರೆ ನಾನು ನರ್ಸ್. ಅದೂ ಆಕ್ಯುಪೇಷನಲ್ ಹೆಲ್ತ್ ನರ್ಸ್. ಕೆಲಸದಿಂದ ಜನರಿಗೆ ಕಾಯಿಲೆ ಬರದಂತೆ ಕಾಯುವುದೇ ನನ್ನ ಕೆಲಸ. ಮನೆಗೆ ಹತ್ತಿರದ ಒಂದು ಕಾರ್ಖಾನೆಯ ಗೇಟಿನ ಪಕ್ಕ ಎರಡು ಕೋಣೆಗಳ ಹೆಲ್ತ್ ಸೆಂಟರ್ ಇದೆ. ಹನ್ನೊಂದು ವರ್ಷದಿಂದ ಅಲ್ಲಿದ್ದೇನೆ. ಗಾಯಕ್ಕೆ ಪಟ್ಟಿ ಕಟ್ಟುತ್ತೇನೆ, ಬಿಪಿ ನೋಡುತ್ತೇನೆ. ವರ್ಷಕ್ಕೊಮ್ಮೆ ಎಲ್ಲ ಕೆಲಸಗಾರರ ಕಿವಿ, ಕಣ್ಣು, ಶ್ವಾಸಕೋಶ ಪರೀಕ್ಷೆ ಮಾಡುತ್ತೇನೆ. ಉಸಿರಿನ ಬಲ ಅಳೆಯುವ ಸ್ಪೈರೋಮೀಟರಿನ ಕೊಳವೆ ಬಾಯಿಗೆ ಕೊಟ್ಟು, "ಫೂಂಕೋ, ಫೂಂಕೋ, ಔರ್ ಫೂಂಕೋ, ರುಕನಾ ನಹೀಂ" ಎಂದು, ಊದು, ನಿಲ್ಲಿಸಬೇಡ ಎಂದು, ಕೂಗಿ ಕೂಗಿ ಸಂಜೆಗೆ ನನ್ನ ಗಂಟಲು ಕಟ್ಟಿರುತ್ತದೆ. ನಮ್ಮ ಫಾರ್ಮಿನ ಮೊದಲ ಪ್ರಶ್ನೆಯೇ ಕೆಲಸದ ಬಗ್ಗೆ. ಏನು ಕೆಲಸ, ಎಷ್ಟು ವರ್ಷದಿಂದ, ಧೂಳು ಇದೆಯೇ, ಸದ್ದು ಇದೆಯೇ.

ನನ್ನ ಮನೆಯಲ್ಲಿ ಆ ಫಾರ್ಮನ್ನು ನಾನು ಯಾರಿಗೂ ತುಂಬಿಸಿರಲಿಲ್ಲ.

ನಮ್ಮವರ ಹೆಸರು ಮಲ್ಲಿಕಾರ್ಜುನ. ನನಗೆ ಸೋದರಮಾವನ ಮಗ. ವಿಜಯಪುರ ಜಿಲ್ಲೆಯ ನಮ್ಮೂರಿನಿಂದ ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಮೊದಲು ಮಾರ್ಬಲ್ ಕೆಲಸ, ಆಮೇಲೆ ಗ್ರಾನೈಟ್. ಕಳೆದ ಎಂಟು ವರ್ಷದಿಂದ ಜೋಗೇಶ್ವರಿಯ ಒಂದು ಶೆಡ್ಡಿನಲ್ಲಿ ಕ್ವಾರ್ಟ್ಜ್ ಹಲಗೆ ಕತ್ತರಿಸುತ್ತಿದ್ದರು. ಕಲ್ಲಿನ ಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಮಾಡಿದ ಹಲಗೆ. ಹೊಸ ಫ್ಲ್ಯಾಟುಗಳ ಅಡುಗೆಮನೆಯಲ್ಲಿ ಬಿಳಿಯಾಗಿ ಹೊಳೆಯುತ್ತದಲ್ಲ, ಅದೇ. ಸಿಂಕಿಗೆ ದುಂಡಗೆ ಕಂಡಿ ಕೊರೆಯುವುದರಲ್ಲಿ ಇವರನ್ನು ಮೀರಿಸುವವರು ಇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಟವರುಗಳನ್ನು ತೋರಿಸಿ, "ಆ ಬಿಲ್ಡಿಂಗಿನ್ಯಾಗ ಹದಿನಾಕನೇ ಮಾಳಿಗಿ ನಂದು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿತ್ತು. ಅವರ ಶರ್ಟನ್ನು ನಾನೇ ಗ್ಯಾಲರಿಯಲ್ಲಿ ಝಾಡಿಸಿ ನೆನೆಹಾಕುತ್ತಿದ್ದೆ. ಒಮ್ಮೆ ಸೆಂಟರಿನಿಂದ ಒಳ್ಳೆಯ ಮಾಸ್ಕ್ ತಂದುಕೊಟ್ಟೆ. ಎರಡು ದಿನ ಹಾಕಿಕೊಂಡು, ಕನ್ನಡಕಕ್ಕೆ ಹಬೆ ಕಟ್ಟಿ ಗೆರೆ ಕಾಣುವುದಿಲ್ಲ ಎಂದು ಬಿಟ್ಟರು. ಮತ್ತೆ ಕರ್ಚೀಫೇ. ಕಾರ್ಖಾನೆಯಲ್ಲಿ ಯಾರಾದರೂ ಇಯರ್ ಪ್ಲಗ್ ಹಾಕದೆ ಸಿಕ್ಕರೆ ಸೂಪರ್‌ವೈಸರನಿಗೆ ಬರೆದು ಕಳಿಸುವ ನಾನು, ಮನೆಯಲ್ಲಿ ಸುಮ್ಮನಾದೆ.

ಬ್ರಿಜ್ಜಿನ ನಂತರ ಕೆಮ್ಮು ಹೆಚ್ಚಿತು. ಒಣ ಕೆಮ್ಮು. ತೂಕ ಇಳಿಯಿತು. ನಮ್ಮ ಗಲ್ಲಿಯ ಕ್ಲಿನಿಕ್ಕಿನ ಡಾಕ್ಟರು ಎಕ್ಸ್‌ರೇ ನೋಡಿ ಟಿಬಿ ಎಂದರು. ಕಫದ ಪರೀಕ್ಷೆ ಎರಡು ಸಲವೂ ನೆಗೆಟಿವ್ ಬಂತು. "ಕೆಲವರಿಗೆ ಹಾಗೇ ಇರುತ್ತದೆ ಸಿಸ್ಟರ್, ಕೋರ್ಸ್ ಶುರುಮಾಡೋಣ" ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಅವರು ಇವರನ್ನು ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಹೇಳಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಟಿಬಿಗೆ ಮಾತ್ರೆ ಇದೆ. ಆರು ತಿಂಗಳಿಗೆ ಮುಗಿಯುತ್ತದೆ.

ಒಂದು ದಿನವೂ ತಪ್ಪದೆ ಮಾತ್ರೆ ಕೊಟ್ಟೆ. ಮೂತ್ರ ಕೆಂಪಗೆ ಹೋಗುತ್ತದೆ ಎಂದು ಹೆದರಿದಾಗ, ಅದು ಔಷಧದ ಬಣ್ಣ ಎಂದು ಧೈರ್ಯ ಹೇಳಿದೆ. ಮೂರನೆಯ ತಿಂಗಳಲ್ಲಿ ಸ್ವಲ್ಪ ಚೇತರಿಸಿಕೊಂಡಂತೆ ಕಂಡರು. ಮನೆಯಲ್ಲಿ ಕೂತು ಬೇಸರ ಬಂದಿತ್ತು ಅವರಿಗೆ.

"ಕೆಲ್ಸಕ್ಕ ಹೋಗ್ಲೇನು ಸುವರ್ಣಾ?" ಎಂದರು. "ನೀನs ಹೇಳು. ನೀ ಡಾಕ್ಟ್ರಿದ್ದಂಗ."

ನಾಡಿ ನೋಡಿದೆ. ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟು ಕೇಳಿದೆ. ಕಾರ್ಖಾನೆಯಲ್ಲಿ ದಿನಾ ಬಳಸುವ ಮಾತು ನಗುತ್ತ ಬಾಯಿಗೆ ಬಂತು.

"ಫಿಟ್ ಅದೀರಿ. ಹೋಗ್ರಿ."

ಇನ್ನೂ ಎರಡು ತಿಂಗಳು ಅವರು ಆ ಧೂಳಿನಲ್ಲಿ ದುಡಿದರು. ನಾನು ಫಿಟ್ ಎಂದಿದ್ದಕ್ಕೆ.

ಐದನೆಯ ತಿಂಗಳಲ್ಲಿ ನಮ್ಮ ಮೂರನೆಯ ಮಹಡಿಗೆ ಹತ್ತಿ ಬರಲು ಪ್ರತಿ ತಿರುವಿನಲ್ಲೂ ಕೂರತೊಡಗಿದರು. ಎರಡನೆಯ ಮಹಡಿಯ ಆಯಿ, ಒಬ್ಬ ಮರಾಠಿ ಮುದುಕಿ, ಅವರಿಗಾಗಿ ಮೆಟ್ಟಿಲ ಬಳಿ ಒಂದು ಸ್ಟೂಲು ಹಾಕಿಟ್ಟರು. ಹೊಸ ಎಕ್ಸ್‌ರೇ ತೆಗೆಸಿದೆ. ಕ್ಲಿನಿಕ್ಕಿನವರು ಕೋರ್ಸನ್ನು ಇನ್ನೂ ಮೂರು ತಿಂಗಳು ಮುಂದುವರಿಸೋಣ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಮರುದಿನ ಆ ಫಿಲ್ಮನ್ನು ಡ್ಯೂಟಿಗೆ ತೆಗೆದುಕೊಂಡು ಹೋದೆ.

ನಮ್ಮ ಕಾರ್ಖಾನೆಗೆ ವಾರಕ್ಕೆರಡು ಸಲ ಬರುವ ಡಾಕ್ಟರು ದೇಶಪಾಂಡೆ. ವಯಸ್ಸಾದವರು, ಗಡಿಬಿಡಿಯ ಮನುಷ್ಯ. ಅಂದು ಕೆಲಸಗಾರರ ಎಕ್ಸ್‌ರೇಗಳ ಕಂತೆಯನ್ನು ಒಂದೊಂದಾಗಿ ಲೈಟ್ ಬಾಕ್ಸಿಗೆ ಸಿಕ್ಕಿಸಿ ನೋಡುತ್ತಿದ್ದರು. ನಾನು ಇವರ ಫಿಲ್ಮನ್ನು ಕೈಯಲ್ಲಿ ಕೊಟ್ಟೆ. ಏನು ಹೇಳಬೇಕೆಂದು ಯೋಚಿಸುತ್ತಿರುವಷ್ಟರಲ್ಲೇ ಅವರು ಅದನ್ನೂ ಸಿಕ್ಕಿಸಿಬಿಟ್ಟರು. ಕುರ್ಚಿಯಿಂದ ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಯೇ ಕೌನ್‌ಸೇ ಡಿಪಾರ್ಟ್‌ಮೆಂಟ್ ಕಾ ಆದ್ಮೀ ಹೈ, ಸಿಸ್ಟರ್?"

ಯಾವ ಡಿಪಾರ್ಟ್‌ಮೆಂಟಿನವನು ಎಂದು ಕೇಳುತ್ತಿದ್ದರು.

ಅವರ ದನಿ ಏರಿತು. ಇವನಿಗೆ ಸಿಲಿಕೋಸಿಸ್, ಕಲ್ಲಿನ ಧೂಳು ಎದೆಗಿಳಿದು ಬರುವ ಕಾಯಿಲೆ, ಅದೂ ಬಹಳ ಮುಂದುವರಿದದ್ದು. ಇಂಥ ಎದೆಯವನನ್ನು ಇಷ್ಟು ದಿನ ಧೂಳಿನಲ್ಲಿ ಬಿಟ್ಟವರು ಯಾರು, ಹೋದ ವರ್ಷದ ಸ್ಪೈರೋಮೆಟ್ರಿ ಎಲ್ಲಿ, ನೀವು ನೋಡಲಿಲ್ಲವೇ, ಇಂದೇ ಕೆಲಸದಿಂದ ಇಳಿಸಿ ಎಂದು ಹಿಂದಿಯಲ್ಲಿ ಬೈಯುತ್ತಲೇ ಇದ್ದರು.

"ಸರ್," ಎಂದೆ. "ಮೇರೇ ಪತಿ ಹೈಂ."

ಅವರು ಲೈಟ್ ಬಾಕ್ಸ್ ಆರಿಸಿದರು. ಆಮೇಲೆ ನನ್ನನ್ನು ರೋಗಿಗಳ ಬೆಂಚಿನ ಮೇಲೆ ಕೂರಿಸಿ, ತಾವೇ ಫಿಲ್ಟರಿನಿಂದ ನೀರು ಹಿಡಿದು ತಂದುಕೊಟ್ಟರು.

ನಮ್ಮ ಸೆಂಟರಿನಲ್ಲಿ ಕಿವಿಯ ಪರೀಕ್ಷೆಗೆ ಒಂದು ಗೂಡು ಇದೆ. ಆಡಿಯೋಮೆಟ್ರಿ ಬೂತ್. ಟೆಲಿಫೋನ್ ಬೂತಿನಷ್ಟೇ ಇದೆ, ದಪ್ಪ ಬಾಗಿಲು, ಒಳಗೆಲ್ಲ ಸ್ಪಂಜು. ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಡಾಕ್ಟರು ಹೋದ ಮೇಲೆ ನಾನು ಅದರೊಳಗೆ ಕೂತು ಬಾಗಿಲು ಹಾಕಿಕೊಂಡೆ. ಕೂಗಿದೆ. ನನ್ನವ್ವ ಸತ್ತಾಗಲೂ ನಾನು ಹಾಗೆ ಕೂಗಿರಲಿಲ್ಲ. ಹೊರಗೆ ಬಂದಾಗ ಬೆರಳಿಗೆ ಗಾಯ ಮಾಡಿಕೊಂಡ ಒಬ್ಬ ವೆಲ್ಡರ್ ಸ್ಟೂಲಿನ ಮೇಲೆ ಕಾಯುತ್ತಿದ್ದ. ಡ್ರೆಸ್ಸಿಂಗ್ ಮಾಡಿದೆ. ರಿಜಿಸ್ಟರಿನಲ್ಲಿ ಬರೆದೆ.

ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಓಡಾಟ. ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನ್, ಉಸಿರು ಅಳೆಯುವ ಪಿಎಫ್‌ಟಿ, ಆರು ನಿಮಿಷ ನಡೆಸುವ ಪರೀಕ್ಷೆ. ಉದ್ದ ಕಾರಿಡಾರಿನಲ್ಲಿ ಇವರು ನಡೆದರು, ಟೆಕ್ನಿಷಿಯನ್ ಗಡಿಯಾರ ಹಿಡಿದು ಜೊತೆಗೆ ನಡೆದ. ಎರಡನೆಯ ನಿಮಿಷಕ್ಕೆ ಇವರು ಗೋಡೆ ಹಿಡಿದರು. ಮೂರನೆಯದು ಮುಗಿಯಲಿಲ್ಲ.

ಅಲ್ಲಿಯ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಮೊದಲು ಕೇಳಿದ್ದೇ, ಏನು ಕೆಲಸ ಮಾಡುತ್ತೀರಿ ಎಂದು. ಬ್ಲೇಡಿಗೆ ನೀರು ಹರಿಸುತ್ತ ಕತ್ತರಿಸುತ್ತೀರಾ, ಒಣದಾಗಿಯೇ? ಒಳಗೋ, ಬಯಲಿನಲ್ಲೋ? ಇವರು ಎಲ್ಲದಕ್ಕೂ ಉತ್ತರಿಸಿದರು. ಹದಿನಾಲ್ಕನೆಯ ಮಹಡಿಯ ಅಡುಗೆಮನೆಯ ಬಗ್ಗೆಯೂ ಹೇಳಿದರು. ಡಾಕ್ಟರು ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಸಿಸ್ಟರ್ ಇದ್ದೀರಿ, ನಿಮ್ಮಿಂದ ಮುಚ್ಚಿಡುವುದಿಲ್ಲ," ಎಂದರು, ಹಿಂದಿಯಲ್ಲಿ. "ಒಳಗೆ ಹೋದ ಪುಡಿಯನ್ನು ತೆಗೆಯಲು ಆಗುವುದಿಲ್ಲ. ಶ್ವಾಸಕೋಶ ಗಟ್ಟಿಯಾಗಿದೆ. ಧೂಳು ನಿಂತರೂ ಇದು ನಿಲ್ಲದೇ ಹೋಗಬಹುದು."

"ಔಷಧ?"

"ಉಸಿರಿಗೆ ಸ್ವಲ್ಪ ಆರಾಮ ಕೊಡಬಹುದು. ಆಕ್ಸಿಜನ್ ಕೊಡೋಣ. ಟಿಬಿಯ ಮಾತ್ರೆ ನಿಲ್ಲಿಸಿ, ಅದು ಟಿಬಿ ಅಲ್ಲ. ಆದರೆ ಈ ಎದೆಗೆ ಮುಂದೆ ಟಿಬಿ ಬರುವ ಭಯ ಇದ್ದೇ ಇದೆ."

ಲಂಗ್ ಟ್ರಾನ್ಸ್‌ಪ್ಲಾಂಟ್ ಎಂಬ ಮಾತನ್ನೂ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ಶ್ರೇಯಾ ಓಡಿ ಬಂದಳು. ಒಂಬತ್ತನೆಯ ಕ್ಲಾಸು. ಕನ್ನಡ ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಅರ್ಧಕ್ಕೆ ನಿಂತು ಹಿಂದಿಗೆ ಹೊರಳುತ್ತದೆ.

"ಮಮ್ಮಿ, ಡಾಕ್ಟರ್ ಏನ್ ಅಂದ್ರು?"

"ಟಿಬಿ ಅಲ್ಲಂತ."

"ಟಿಬಿ ನಹೀಂ ಹೈ?" ಅವಳ ಮುಖ ಅರಳಿತು. ಐದು ತಿಂಗಳಿಂದ ಅವಳು ಗೆಳತಿಯರನ್ನು ಮನೆಗೆ ಕರೆದಿರಲಿಲ್ಲ. "ತೋ ಅಚ್ಛಾ ಹೈ ನಾ! ಪಪ್ಪಾ, ಅಚ್ಛಾ ಹೈ ನಾ?"

ಇವರು ಅವಳ ತಲೆ ನೇವರಿಸಿ, "ಹೌದವಾ, ಚಲೋ ಆತು," ಎಂದರು.

ಟಿಬಿಯೇ ಆಗಿದ್ದರೆ ಚೆನ್ನಾಗಿತ್ತು ಎಂದು ಒಂದು ಮಗುವಿಗೆ ಹೇಗೆ ಹೇಳುವುದು?

ಮುಂದಿನ ದಿನಗಳನ್ನು ಸರಿಯಾಗಿ ಜೋಡಿಸಿ ಹೇಳಲು ನನ್ನಿಂದ ಆಗುವುದಿಲ್ಲ. ಆಕ್ಸಿಜನ್ ಮಾಡುವ ಕಾನ್ಸೆಂಟ್ರೇಟರ್ ಮನೆಗೆ ಬಂತು. ಫ್ರಿಜ್ಜಿಗಿಂತ ಜೋರಾಗಿ ಗುಂಯ್‌ಗುಡುವ ಯಂತ್ರ. ನಾವು ಮೂರನೆಯ ಮಹಡಿ ಬಿಟ್ಟು ಅದೇ ಓಣಿಯಲ್ಲಿ ನೆಲಮಹಡಿಯ ಖೋಲಿಗೆ ಬಂದೆವು. ಒಂದೇ ಕಿಟಕಿ. ಕರೆಂಟು ಹೋದರೆ ಸಿಲಿಂಡರಿನ ಕಡೆ ಓಡುತ್ತಿದ್ದೆ. ಇವರು ಊಟಕ್ಕೆ ಕೂತರೆ ಎರಡು ತುತ್ತಿಗೆ ದಣಿಯುತ್ತಿದ್ದರು. ರೊಟ್ಟಿ ಅಗಿಯಲೂ ಉಸಿರು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಉಸಿರನ್ನು ಯಂತ್ರದಲ್ಲಿ ಅಳೆದವಳಿಗೆ ಗೊತ್ತಿರಲಿಲ್ಲ. ಗಂಜಿ, ತಿಳಿ ಸಾರು, ಮೆತ್ತಗೆ ಬೇಯಿಸಿದ ಅನ್ನ. ಡ್ಯೂಟಿಯಲ್ಲಿ ನಗುನಗುತ್ತ ಒಳಗೆ ಬರುವ ಗಟ್ಟಿ ಎದೆಯ ಗಂಡಸರನ್ನು ಕಂಡರೆ ಸಿಟ್ಟು ಬರುತ್ತಿತ್ತು. ಒಬ್ಬ ಸರಿಯಾಗಿ ಊದದೆ ತಮಾಷೆ ಮಾಡಿದನೆಂದು ಕೊಳವೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬೈದೆ. ಅವನು ಹೆದರಿ ನಿಂತ. ಪಾಪ, ಅವನೇನು ಮಾಡಿದ್ದ?

ದೇವರ ಫೋಟೊಗೆ ಹೂವು ಏರಿಸುವುದನ್ನು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ನೆನಪಾಗಲಿಲ್ಲ.

ಇವರು ಮಾತ್ರ ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ನಾನೇ ಮಾತು ತೆಗೆದೆ.

"ನಾನs ಅಲ್ಲೇನ್ರೀ ನಿಮ್ಮನ್ನ ಫಿಟ್ ಅಂತ ಕಳ್ಸಿದಾಕಿ."

ಮೂಗಿನ ಕೊಳವೆ ಸರಿಮಾಡಿಕೊಂಡರು. ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳಬೇಕಿತ್ತು.

"ನೀ ಕಳ್ಸಿದ್ದು ಎರಡ್ ತಿಂಗ್ಳು. ನಾ ಪರಶ್ಯಾನ್ನ ಕರಕೊಂಡ್ ಬಂದು... ಆರ್ ವರ್ಷ ಆತು."

ಆಗ ನನಗೆ ತಿಳಿಯಿತು, ಇಷ್ಟು ದಿನ ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು. ಪರಶುರಾಮ ನಮ್ಮೂರವನೇ. ಊರಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದವನನ್ನು ಕರೆತಂದು, ಕೈ ಹಿಡಿದು ಬ್ಲೇಡು ನಡೆಸಲು ಕಲಿಸಿದ್ದು ಇವರು. ಈಗ ಇವರ ಜಾಗದಲ್ಲಿ ನಿಂತು ಸಿಂಕಿನ ಕಂಡಿ ಕೊರೆಯುತ್ತಿರುವವನು ಅವನೇ.

"ಅವನ ಎದಿ ನೋಡು ಸುವರ್ಣಾ. ಅದೊಂದು ಮಾಡು."

ಮುಂದಿನ ಶನಿವಾರ ಅರ್ಧ ರಜೆ ಹಾಕಿ ಜೋಗೇಶ್ವರಿಯ ಆ ಶೆಡ್ಡಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಕಾರ್ಖಾನೆಯಲ್ಲಿ ನಾನು ತಿಂಗಳಿಗೊಮ್ಮೆ ಪ್ರತಿ ವಿಭಾಗ ಸುತ್ತಿ ಎಲ್ಲಿ ಧೂಳು, ಎಲ್ಲಿ ಸದ್ದು ಎಂದು ಬರೆಯುತ್ತೇನೆ. ಗಂಡ ಕೆಲಸ ಮಾಡುವ ಜಾಗ ಹೇಗಿದೆ ಎಂದು ನೋಡಿರಲಿಲ್ಲ. ಮೂರು ಕಡೆ ತಗಡು, ಮುಂದೆ ತಾಡಪತ್ರಿ. ಧೂಳು ಹೊರಗೆ ಹೋಗಿ ಅಕ್ಕಪಕ್ಕದವರು ಜಗಳಕ್ಕೆ ಬರಬಾರದೆಂದು ತಾಡಪತ್ರಿಯನ್ನು ಇಳಿಬಿಟ್ಟಿದ್ದರು. ಒಳಗೆ ಆರು ಜನ. ಒಂದು ನಿಲ್ಲುವ ಫ್ಯಾನು ಆ ಪುಡಿಯನ್ನು ಅಲ್ಲೇ ಸುತ್ತಿಸುತ್ತಿತ್ತು. ಚಹಾದ ಗ್ಲಾಸುಗಳ ಮೇಲೆ, ಗೋಡೆಯ ಗಣಪತಿಯ ಮೇಲೆ, ಮನುಷ್ಯರ ತುಟಿಯ ಮೇಲೆ ಬಿಳಿ ಪುಡಿ. ನಾನು ಐದು ನಿಮಿಷ ನಿಂತಿದ್ದೆ. ಹಲ್ಲಿನಲ್ಲಿ ಕರಕರ ಎಂದಿತು.

ಶೆಡ್ಡಿನ ಮಾಲೀಕ, ಶೇಟ್, ನನ್ನನ್ನು ಹೊರಗೆ ಕರೆದು ಮಾತಾಡಿದ. ಮಲ್ಲಿಕಾರ್ಜುನ ಒಳ್ಳೆಯ ಕಾರೀಗರ, ಆದರೆ ಟಿಬಿ ಆದರೆ ತಾನೇನು ಮಾಡಲಿ ಎಂದ. ಟಿಬಿ ಅಲ್ಲ ಎಂದು ಆಸ್ಪತ್ರೆಯ ಕಾಗದ ತೋರಿಸಿದೆ. ಅವನು ಓದಲಿಲ್ಲ. ಮಲ್ಲಿಕಾರ್ಜುನ ಇಲ್ಲಿ ಖಾಯಂ ಇರಲೇ ಇಲ್ಲ, ಆಗಾಗ ಬರುತ್ತಿದ್ದ ಎಂದ. ಎಂಟು ವರ್ಷದ ಆಗಾಗ.

ಪರಶುರಾಮ ತಾಡಪತ್ರಿ ಸರಿಸಿ ಹೊರಗೆ ಬಂದ. ನನ್ನನ್ನು ಅತ್ತಿಗೆಯಂತೆ ವೈನಿ ಎಂದು ಕರೆಯುವವನು, ಹಬ್ಬಕ್ಕೆ ನಮ್ಮಲ್ಲೇ ಉಣ್ಣುವವನು. ಅಂದು ಕಣ್ಣು ಎತ್ತಲಿಲ್ಲ.

"ಸೋಮವಾರ ಪರೇಲಿಗೆ ಬಾ ಪರಶ್ಯಾ. ನಾ ಇರ್ತೀನಿ ಜೋಡಿ. ಒಂದ್ ಎಕ್ಸ್‌ರೇ, ಒಂದ್ ಊದೂದು, ಅಷ್ಟs."

"ನಂಗೇನಾಗಿಲ್ಲ ವೈನಿ."

"ಆಗಿಲ್ಲಂದ್ರ ಚಲೋನs ಆತಲ್ಲ."

"ಆಗೇತಿ ಅಂತ ಬಂದ್ರ?" ಅವನು ಥಟ್ಟನೆ ದನಿ ಏರಿಸಿದ. "ಆಮ್ಯಾಲೆ ಏನ್ ಮಾಡ್ಲಿ? ನೀವು ಬಂದು ಇಲ್ಲಿ ಕಾಗದ ತೋರ್ಸಿದ್ರಿ. ನಾಳೆ ಶೇಟ್ ನಮ್ಮನ್ನೆಲ್ಲಾ ತಗದು ಬ್ಯಾರೆ ಮಂದೀನ್ನ ತರ್ತಾನ. ಮಲ್ಲಣ್ಣಂದು ಆತು. ನಮ್ದೂ ಕಳೀಬ್ಯಾಡ್ರಿ."

ನಾನು ಸಿಟ್ಟಿನಿಂದ ಏನೋ ಹೇಳಿದೆ. ನಿನ್ನ ಹೆಂಡತಿ ನನ್ನ ಹಾಗೆ ಆಗಬೇಕೇನು ಎಂದೆ. ಅವನು ಒಳಗೆ ಹೋಗಿಬಿಟ್ಟ. ಬ್ಲೇಡಿನ ಸದ್ದು ಶುರುವಾಯಿತು.

ಶೆಡ್ಡಿನವರನ್ನು ನಮ್ಮ ಸೆಂಟರಿಗೇ ಕರೆತಂದು ಪರೀಕ್ಷೆ ಮಾಡಲೇ ಎಂದು ಕಂಪನಿಯಲ್ಲಿ ಕೇಳಿದೆ. ಹೊರಗಿನವರಿಗೆ ಆಗುವುದಿಲ್ಲ ಎಂದರು. ಅವರ ನಿಯಮ ಅವರಿಗೆ. ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಇವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, "ರಿಕ್ಷಾ ಕರಿ," ಎಂದರು.

ಬೇಡ ಎಂದೆ. ಹೊರಗಿನ ಗಾಳಿ, ಟ್ರಾಫಿಕ್, ಅಷ್ಟು ದೂರ. ಸಿಲಿಂಡರ್ ಸಾಲದಿದ್ದರೆ? ಡಾಕ್ಟರನ್ನು ಕೇಳದೆ ಆಗುವುದಿಲ್ಲ ಎಂದೆ. ಅವರು ಆಗಲೇ ಗೋಡೆ ಹಿಡಿದು ಎದ್ದು ಇಸ್ತ್ರಿ ಮಾಡಿದ ಶರ್ಟು ಹುಡುಕುತ್ತಿದ್ದರು. ಶ್ರೇಯಾ ಶಾಲೆಗೆ ಹೋಗದೆ ಸಿಲಿಂಡರಿನ ಚಿಕ್ಕ ಗಾಡಿ ಹಿಡಿದುಕೊಂಡು ನಿಂತಳು. ಇಬ್ಬರೂ ನನ್ನ ಮಾತು ಕೇಳಲಿಲ್ಲ.

ಶೆಡ್ಡಿನ ಎದುರು ಚಹಾದಂಗಡಿ. ಹನ್ನೊಂದು ಗಂಟೆಗೆ ಕೆಲಸಗಾರರ ಚಹಾದ ಹೊತ್ತು. ಇವರು ಬೆಂಚಿನ ಮೇಲೆ ಕೂತರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಶ್ರೇಯಾ ನೋಡುತ್ತಲೇ ಇದ್ದಳು. ಆರೂ ಜನ ಹೊರಗೆ ಬಂದರು. ಇವರನ್ನು ಕಂಡು ಮೊದಲು ಯಾರಿಗೂ ಗುರುತು ಸಿಗಲಿಲ್ಲ. ಕತ್ತರಿಸಿದ ಎರಡು ಹಲಗೆಗಳನ್ನು ಒಬ್ಬರೇ ಎತ್ತುತ್ತಿದ್ದ ಮನುಷ್ಯ. ಈಗ ಶರ್ಟಿನ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗ.

ಪರಶುರಾಮ ಗುರುತು ಹಿಡಿದ. ರಸ್ತೆ ದಾಟುವುದನ್ನು ಮರೆತು ಅಲ್ಲೇ ನಿಂತ.

ಇವರು ಎದ್ದರು. ಮೂಗಿನ ಕೊಳವೆ ತೆಗೆದು ನನ್ನ ಕೈಗೆ ಕೊಟ್ಟರು. ನಾನು ತಡೆಯುವ ಮೊದಲೇ ರಸ್ತೆಗೆ ಇಳಿದರು. ಒಂದು ಹೆಜ್ಜೆ. ಎರಡು. ಆರೋ ಏಳೋ ಹೆಜ್ಜೆ ಇಟ್ಟರು. ತುಟಿ ನೀಲಿಯಾಯಿತು. ಪರಶುರಾಮ ಓಡಿ ಬಂದು ಅವರನ್ನು ತಬ್ಬಿ ಹಿಡಿದ.

"ಪರಶ್ಯಾ..." ಎಂದರು. ಮುಂದಿನದು ಬರಲಿಲ್ಲ. ಇನ್ನೊಮ್ಮೆ, "ಪರಶ್ಯಾ..."

ಅಷ್ಟೇ. ಆ ಮಾತು ಅವರಿಂದ ಮುಗಿಸಲಾಗಲಿಲ್ಲ. ನಾನು ಕೊಳವೆ ಹಾಕಿ ಬೆಂಚಿನ ಮೇಲೆ ಕೂರಿಸಿದೆ. ಅವರ ಎದೆ ಏರಿಳಿಯುವುದನ್ನು ಆರು ಗಂಡಸರು ಸುತ್ತ ನಿಂತು ನೋಡಿದರು. ಚಹಾ ಆರಿಹೋಯಿತು. ಪರಶುರಾಮ ಅವರ ಕಾಲ ಬಳಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವನ ಮುಖದ ಬಿಳಿ ಪುಡಿ ಕಣ್ಣೀರಿಗೆ ಕೆಸರಾಗಿ ಇಳಿಯಿತು.

"ಬರ್ತೀನಿ ಮಲ್ಲಣ್ಣ. ಸೋಮವಾರ ಬರ್ತೀನಿ. ನೀ ಮಾತಾಡಬ್ಯಾಡ."

ಸೋಮವಾರ ಪರೇಲಿಗೆ ನಾಲ್ಕು ಜನ ಬಂದರು. ಇಬ್ಬರು ಬರಲಿಲ್ಲ, ಒಬ್ಬ ಊರಿಗೆ ಹೋದ ಎಂದರು, ಇನ್ನೊಬ್ಬ ಬೇರೆ ಶೆಡ್ಡಿಗೆ. ಬಂದವರಲ್ಲಿ ಇಬ್ಬರ ಎದೆ ಸ್ವಚ್ಛವಾಗಿತ್ತು. ಒಬ್ಬನದು ಅನುಮಾನ. ಪರಶುರಾಮನಿಗೆ ಸಿಲಿಕೋಸಿಸ್ ಆಗಿತ್ತು. ಆದರೆ ಶುರುವಿನದು. ಇಂದೇ ಧೂಳು ಬಿಟ್ಟರೆ ಬಹಳ ವರ್ಷ ಹೀಗೇ ಇರಬಹುದು, ಭರವಸೆ ಕೊಡಲಾರೆ ಎಂದರು ಆ ಚಿಕ್ಕ ವಯಸ್ಸಿನ ಡಾಕ್ಟರು. ಅವನು ಬಿಟ್ಟ. ಈಗ ಉಡುಪಿಯವರೊಬ್ಬರ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಅಲ್ಲಿಯ ಕನ್ನಡ ತನಗೆ ಅರ್ಧ ತಿಳಿಯುವುದಿಲ್ಲ ಎಂದು ನಮ್ಮವರ ಎದುರು ದೂರುತ್ತಾನೆ. ಇವರಿಗೆ ನಗು ಬಂದರೆ ಕೆಮ್ಮು ಬರುತ್ತದೆ. ಆದರೂ ನಗುತ್ತಾರೆ.

ಶೆಡ್ಡಿಗೆ ಹೊಸ ಜನ ಬಂದಿದ್ದಾರೆ ಎಂದು ಕೇಳಿದೆ. ಧೂಳು ಏಳದಂತೆ ಶೇಟ್ ಬ್ಲೇಡಿಗೆ ನೀರಿನ ಪೈಪು ಹಾಕಿಸಿದ್ದಾನಂತೆ. ಹೌದೋ ಅಲ್ಲವೋ. ಪರೇಲಿನ ಡಾಕ್ಟರು ಬರೆದುಕೊಟ್ಟ ಪತ್ರವನ್ನು ಹಿಡಿದು, ದೂರು ಕೊಡಲು ನಾನು ಎರಡು ಸರ್ಕಾರಿ ಆಫೀಸುಗಳಿಗೆ ಹೋಗಿ ಬಂದಿದ್ದೇನೆ, ಮತ್ತೆ ಹೋಗುತ್ತೇನೆ. ಈಗ ನನ್ನ ಸೆಂಟರಿಗೆ ಬರುವ ಪ್ರತಿ ಕೆಲಸಗಾರನನ್ನೂ, ನಿಮ್ಮ ಮನೆಯಲ್ಲಿ ಬೇರೆ ಯಾರು ಎಲ್ಲಿ ದುಡಿಯುತ್ತಾರೆ ಎಂದೂ ಕೇಳುತ್ತೇನೆ. ಫಾರ್ಮಿನಲ್ಲಿ ಆ ಪ್ರಶ್ನೆ ಇಲ್ಲ. ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ.

ನಮ್ಮವರು ಗುಣವಾಗುವುದಿಲ್ಲ. ಇದನ್ನು ಬರೆಯಲು ಕಲಿಯುವುದಕ್ಕೇ ನನಗೆ ಬಹಳ ದಿನ ಬೇಕಾಯಿತು. ಕಳೆದ ಸ್ಕ್ಯಾನು ಹಿಂದಿನದಕ್ಕಿಂತ ಸ್ವಲ್ಪ ಕೆಟ್ಟಿದೆ, ಬಹಳ ಅಲ್ಲ. ಆ "ಬಹಳ ಅಲ್ಲ" ಎಂಬ ಎರಡು ಮಾತನ್ನು ಹಿಡಿದುಕೊಂಡು ನಾವು ಮೂವರೂ ಬದುಕುತ್ತಿದ್ದೇವೆ.

ಇಂದು ಬೆಳಿಗ್ಗೆ ಇವರು, "ಜಳಕಾ ನಾನs ಮಾಡ್ತೀನಿ," ಎಂದರು. ನಾಲ್ಕು ತಿಂಗಳಿಂದ ನಾನೇ ಮಾಡಿಸುತ್ತಿದ್ದೆ. ಬಚ್ಚಲಲ್ಲಿ ಸ್ಟೂಲು ಇಟ್ಟೆ, ಬಿಸಿನೀರು ಬೆರೆಸಿಟ್ಟೆ, ಆಕ್ಸಿಜನ್ನಿನ ಉದ್ದ ಪೈಪನ್ನು ಬಾಗಿಲ ಸಂದಿಯಿಂದ ಒಳಗೆ ಬಿಟ್ಟೆ. ಒಳಗಿಂದ ಚಿಲಕ ಹಾಕಬೇಡಿ ಎಂದೆ. ಹೆಗಲಿಗೆ ಡ್ಯೂಟಿಯ ಬ್ಯಾಗು ಹಾಕಿಕೊಂಡು ಹೊರಗೆ ನಿಂತೆ. ಶಿಫ್ಟಿಗೆ ತಡವಾಗುತ್ತಿತ್ತು.

ಒಂದು ತಂಬಿಗೆ ನೀರು ಬಿದ್ದ ಸದ್ದು.

ಆಮೇಲೆ ಏನೂ ಇಲ್ಲ. ಯಂತ್ರದ ಗುಂಯ್ ಮಾತ್ರ. ನಾನು ಕೈಯನ್ನು ಬಾಗಿಲಿನ ಮೇಲೆ ಇಟ್ಟೆ. ದೂಡಲಿಲ್ಲ.

ಎರಡನೆಯ ತಂಬಿಗೆ.

ಮತ್ತೆ ಉದ್ದವಾದ ಮೌನ. ಶ್ರೇಯಾ ಪುಸ್ತಕ ಮುಚ್ಚಿ ನನ್ನ ಪಕ್ಕ ಬಂದು ನಿಂತಳು. ಒಳಗಿಂದ ಸೋಪಿನ ಡಬ್ಬಿ ತೆರೆದ ಸದ್ದು ಬಂತು. ಆಮೇಲೆ ಇನ್ನೊಂದು ತಂಬಿಗೆ ನೀರು, ತಲೆಯ ಮೇಲಿಂದ ಸುರಿದುಕೊಂಡದ್ದು, ನೆಲದ ಮೇಲೆ ಹರಡಿ ಬಾಗಿಲ ಕೆಳಗಿನಿಂದ ನಮ್ಮ ಕಾಲಿಗೂ ಬಂತು. ಬೆಚ್ಚಗಿತ್ತು.